ಕುಸನೂರು ಕೇಳಿದ ಪ್ರಶ್ನೆ: ಕಂಪನಿಯ ಖೈರಾತು, ಕಂಪನಿಯ ಜಿಮ್ಮೇದಾರಿ

ಈದಿಗೆ ಮಗಳಿಗೊಂದು ಕುರ್ತಾ ಕೊಳ್ಳಲು ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆವು. ಮುಟ್ಟಿದರೆ ರೇಷ್ಮೆಯಂತೆ ಜಾರುವ, ತೊಟ್ಟರೆ ಹತ್ತಿಯಂತೆ ತಂಪಾಗಿರುವ ಬಟ್ಟೆ. ಅದರ ಕೊರಳಿಗೆ ಎರಡು ಚೀಟಿಗಳು ನೇತಾಡುತ್ತಿದ್ದವು. ಒಂದರಲ್ಲಿ ಬೆಲೆ. ಇನ್ನೊಂದರಲ್ಲಿ ಒಂದು ಹಸಿರೆಲೆಯ ಚಿತ್ರ, ಕೆಳಗೆ ಈ ಬಟ್ಟೆಯ ನೂಲು ಜವಾಬ್ದಾರಿಯಿಂದ ಬೆಳೆಸಿದ ಮರದಿಂದ ಬಂದದ್ದು ಎಂಬರ್ಥದ ಎರಡು ಸಾಲು. ಬೆಲೆ ನೋಡಿ ನಾವು ಸುಮ್ಮನಾದೆವು. ಎಲೆ ನೋಡಿ ಮಗಳು ಕೇಳಿದಳು: "ಅಬ್ಬಾ, ಗಿಡದಿಂದ ಅಂಗಿ ಹೆಂಗ ಆಗತೈತಿ?"

ಅಂಗಡಿಯ ಹುಡುಗನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ನಾವು ಹಾನಗಲ್ಲ ಸೀಮೆಯವರು. ಗಿಡದಿಂದ ಅಂಗಿ ಆಗುವ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ತಾಲೂಕಿನ ಕುಸನೂರು ಎಂಬ ಹಳ್ಳಿಯಲ್ಲಿ. ಆದರೆ ಆ ಅಧ್ಯಾಯ ಚೀಟಿಯಲ್ಲಿ ಇರಲಿಲ್ಲ. ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲೂ ನಮಗದು ಕಂಡಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮಗಳ ಪ್ರಶ್ನೆಗೆ ಉತ್ತರ. ಮರವನ್ನು ಚೂರು ಮಾಡಿ, ರಾಸಾಯನಿಕಗಳಲ್ಲಿ ಬೇಯಿಸಿ, ಅದರ ಅಂಟನ್ನು ತೆಗೆದು ಬಿಳಿಯ ತಿರುಳು ಮಾಡುತ್ತಾರೆ. ಕಾಗದದ ತಿರುಳಿಗಿಂತ ಇದು ಹೆಚ್ಚು ಶುದ್ಧವಾಗಿರಬೇಕು. ಆ ತಿರುಳನ್ನು ಮತ್ತೆ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ಗಳಲ್ಲಿ ಕರಗಿಸಿ, ಜೇನಿನಂಥ ದ್ರವ ಮಾಡಿ, ಸಣ್ಣ ರಂಧ್ರಗಳ ಮೂಲಕ ಆಮ್ಲದೊಳಕ್ಕೆ ಇಳಿಸಿದರೆ ಎಳೆಎಳೆಯಾಗಿ ನಾರು ಬರುತ್ತದೆ. ಇದೇ ವಿಸ್ಕೋಸ್, ಹಳೆಯ ಹೆಸರಿನಲ್ಲಿ ರೇಯಾನ್. 1892ರಲ್ಲಿ ಇಂಗ್ಲೆಂಡಿನ ಮೂವರು ರಸಾಯನಶಾಸ್ತ್ರಜ್ಞರು ಕಂಡುಹಿಡಿದ ವಿದ್ಯೆ. ಹತ್ತಿಗೆ ಹೊಲ ಬೇಕು, ಮಳೆ ಬೇಕು, ಬಿಡಿಸುವ ಕೈ ಬೇಕು. ಇದಕ್ಕೆ ಮರ ಬೇಕು, ನೀರು ಬೇಕು, ಹೊಲಸು ನೀರನ್ನು ಬಿಡಲು ಒಂದು ನದಿ ಬೇಕು.

ನಮ್ಮ ನಾಲ್ಕು ತಾಲೂಕುಗಳಿಗೆ, ಅಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ, ಜಗತ್ತಿನ ಬಟ್ಟೆ ಮಾರುಕಟ್ಟೆ ಹೊಸದೇನಲ್ಲ. ಜಾಗತೀಕರಣ ಎಂಬ ಮಾತು 1991ರ ನಂತರ ಹುಟ್ಟಿತೆಂದು ನಾವು ತಿಳಿಯುತ್ತೇವೆ. ಆದರೆ 1840ರ ದಶಕದಲ್ಲೇ ಕಂಪನಿ ಸರಕಾರ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿ ಬೀಜ ಬಿತ್ತಿಸಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಲಿವರ್‌ಪೂಲಿನ ದಲಾಲರ ಬಾಯಲ್ಲಿ 'ಧಾರವಾರ್ ಅಮೆರಿಕನ್' ಎಂಬುದು ಒಂದು ಮಾಲಿನ ಹೆಸರಾಯಿತು. ಬೆಲೆ ಏರಿದಾಗ ಕಲಬೆರಕೆಯೂ ಏರಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿ ವಂಚನೆ ತಡೆಯುವ ಕಾಯಿದೆಯನ್ನೇ ತಂದಿತು. ಅಂದರೆ ಮ್ಯಾಂಚೆಸ್ಟರಿನ ಗಿರಾಕಿಗೆ ಮೋಸವಾಗಬಾರದೆಂಬ ಕಾಳಜಿ ಆಗಲೇ ಕಾನೂನಾಗಿತ್ತು. ಯುದ್ಧ ಮುಗಿದು ಬೆಲೆ ಕುಸಿದಾಗ ಹತ್ತಿ ಬೆಳೆದವನಿಗೆ ಏನಾಯಿತೆಂದು ಕೇಳುವ ಕಾನೂನು ಮಾತ್ರ ಇರಲಿಲ್ಲ. ಮಾರುಕಟ್ಟೆಯ ನೀತಿ ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ ಎಂಬುದಕ್ಕೆ ಇದು ಹಳೆಯ ಉದಾಹರಣೆ. ಅದು ಕೊಳ್ಳುವವನ ಕಡೆ ಮುಖ ಮಾಡುತ್ತದೆ. ಬೆಳೆಯುವವನಿಗೆ ಬೆನ್ನು ಕಾಣುತ್ತದೆ.

ಈಗ ಮರದ ಕಥೆಗೆ ಬರೋಣ. ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ಸ್ ಕಂಪನಿ ಹುಟ್ಟಿದ್ದು 1947ರ ಆಗಸ್ಟ್ 25ರಂದು. ದೇಶಕ್ಕೆ ಸ್ವಾತಂತ್ರ್ಯ ಬಂದ ಹತ್ತೇ ದಿನಕ್ಕೆ. ಮುಂದೆ ಅದರ ಹೆಸರು ಗ್ರಾಸಿಮ್ ಎಂದಾಯಿತು. ಮಧ್ಯಪ್ರದೇಶದ ನಾಗದಾದಲ್ಲಿ 1954ರಲ್ಲಿ ನಾರಿನ ಕಾರ್ಖಾನೆ ಶುರುವಾಯಿತು. ನಾರಿಗೆ ತಿರುಳು ಬೇಕಲ್ಲ? ಆ ತಿರುಳಿಗಾಗಿ 1963ರ ಹೊತ್ತಿಗೆ ಕೇರಳದ ಮಾವೂರಿನಲ್ಲಿ ಚಾಲಿಯಾರ್ ನದಿಯ ದಂಡೆಗೆ, 1972ರಲ್ಲಿ ನಮ್ಮ ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಗೆ ಕಾರ್ಖಾನೆಗಳು ಬಂದವು. ಕುಮಾರಪಟ್ಟಣದ್ದು ಹರಿಹರ ಪಾಲಿಫೈಬರ್ಸ್. ಹೊಳೆಯಾಚೆ ಹರಿಹರ, ಈಚೆ ಕಾರ್ಖಾನೆ.

ಆ ಕಾರ್ಖಾನೆ ಬಂದದ್ದನ್ನು ಜನ ಹಬ್ಬದಂತೆ ಸ್ವಾಗತಿಸಿದ್ದರೆ ತಪ್ಪೇನಿಲ್ಲ. ಬರಗಾಲದ ಸೀಮೆಗೆ ಸಾವಿರಾರು ಪಗಾರಗಳು ಬಂದವು. ನಮ್ಮ ಸಂಬಂಧಿಕರಲ್ಲೂ ಅಲ್ಲಿ ದುಡಿದು ಮನೆ ಕಟ್ಟಿದವರಿದ್ದಾರೆ, ಹೆಣ್ಣುಮಕ್ಕಳ ಮದುವೆ ಮಾಡಿದವರಿದ್ದಾರೆ. ಇದನ್ನು ಮರೆತು ಕಾರ್ಖಾನೆಯನ್ನು ರಾಕ್ಷಸನೆಂದು ಬರೆಯುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಅದೇ ಕಾಲಕ್ಕೆ ಕಾರ್ಖಾನೆಯ ಕೆಳಗಿನ ಹಳ್ಳಿಗಳಲ್ಲಿ ನದಿ ನೀರಿನ ಬಣ್ಣ ಬದಲಾಯಿತು, ಮೀನು ಸತ್ತು ತೇಲಿದವು, ನೀರಿಗಿಳಿದವರಿಗೆ ಮೈ ತುರಿಕೆ ಹತ್ತಿತು ಎಂಬ ದೂರುಗಳೂ ಎದ್ದವು. ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸಕ್ಕೆಂದು ಅಮೆರಿಕದಿಂದ ಮರಳಿ ನೆಲೆಸಿದ್ದ ಎಸ್.ಆರ್. ಹಿರೇಮಠರು ಮತ್ತು ಅವರ ಸಂಗಾತಿಗಳು ಈ ದೂರುಗಳನ್ನು ಕೈಗೆತ್ತಿಕೊಂಡರು. ಮುಂದೆ ನಾಡಿಗೆಲ್ಲ ಪರಿಚಿತವಾದ ಸಮಾಜ ಪರಿವರ್ತನ ಸಮುದಾಯ ಬೆಳೆದದ್ದು ಈ ಹೊಳೆಯ ದಂಡೆಯ ಜಗಳದಿಂದ.

ಹೊಳೆಯ ಜಗಳ ನಡೆಯುತ್ತಿರುವಾಗಲೇ ನೆಲದ ಜಗಳ ಹುಟ್ಟಿತು. ಕಾರ್ಖಾನೆಯ ಹೊಟ್ಟೆ ದೊಡ್ಡದು. ಕಾಡಿನ ಬಿದಿರು, ಮರಗಳು ಸಾಲವು. ಆಗ ಸರಕಾರ ಒಂದು ದಾರಿ ಹುಡುಕಿತು. 1984ರ ನವೆಂಬರ್ 14ರಂದು ಕರ್ನಾಟಕ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ನಡುವೆ ಒಪ್ಪಂದವಾಗಿ 'ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್' ಎಂಬ ಜಂಟಿ ಕಂಪನಿ ಹುಟ್ಟಿತು. ಅದರಲ್ಲಿ ಸರಕಾರದ ಪಾಲು ಶೇಕಡಾ 51, ಕಂಪನಿಯ ಪಾಲು ಶೇಕಡಾ 49. ಕೆಲಸ ಏನೆಂದರೆ ನೀಲಗಿರಿಯಂಥ ಬೇಗ ಬೆಳೆಯುವ ಮರಗಳನ್ನು ಬೆಳೆದು ಕಾರ್ಖಾನೆಗೆ ಕೊಡುವುದು. ಅದಕ್ಕಾಗಿ ಆಗಿನ ಅಖಂಡ ಧಾರವಾಡವೂ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರ್, ಅಂದರೆ ಸುಮಾರು 75 ಸಾವಿರ ಎಕರೆ ಸಾರ್ವಜನಿಕ ಭೂಮಿಯನ್ನು ಗುರುತಿಸಿ ದೀರ್ಘಾವಧಿಯ ಗುತ್ತಿಗೆಗೆ ಕೊಡುವುದೆಂದು ಗೊತ್ತಾಯಿತು.

ಈ ಲೆಕ್ಕವನ್ನು ಓದುಗರು ಒಮ್ಮೆ ನಿಂತು ನೋಡಬೇಕು. ಕಂಪನಿಯಲ್ಲಿ ದೊಡ್ಡ ಪಾಲು ಜನರ ಸರಕಾರದ್ದು. ಭೂಮಿ ಪೂರ್ತಿ ಜನರದ್ದು. ಮರ ಮಾತ್ರ ಕಾರ್ಖಾನೆಯದ್ದು. ಖಾಸಗಿ ಬಂಡವಾಳಕ್ಕೆ ಪ್ರಭುತ್ವವೇ ಜಾಮೀನು ನಿಂತ ವ್ಯವಹಾರ ಇದು.

ಯಾವ ಭೂಮಿ ಅದು? ಸರಕಾರದ ಕಾಗದದಲ್ಲಿ ಅದಕ್ಕೆ 'ಸಿ' ಮತ್ತು 'ಡಿ' ವರ್ಗದ ಜಮೀನು ಎಂದು ಹೆಸರು. ಸಾಗುವಳಿಗೆ ಬಾರದ, ಪಾಳುಬಿದ್ದ ನೆಲ ಎಂದು ಅರ್ಥ. ನಮ್ಮ ಕಡೆ ಕಂದಾಯದ ಕಾಗದಗಳಲ್ಲಿ ಇನ್ನೊಂದು ಶಬ್ದ ಬರುತ್ತದೆ: 'ಖರಾಬು'. ಉರ್ದು ಶಾಲೆಯಲ್ಲಿ 'ಖರಾಬ್' ಎಂದರೆ ಕೆಟ್ಟದ್ದು ಎಂದು ಕಲಿತಿದ್ದ ನಮಗೆ, ಕನ್ನಡ ಶಾಲೆಗೆ ಬಂದ ಮೇಲೆ ತಲಾಠಿಯ ಉತಾರದಲ್ಲಿ ಅದೇ ಶಬ್ದ ಕಂಡು ಸೋಜಿಗವಾಗಿತ್ತು. ತೆರಿಗೆ ಕೊಡದ ನೆಲ ಬ್ರಿಟಿಷರ ಸರ್ವೇಯವರ ಕಣ್ಣಿಗೆ ಕೆಟ್ಟ ನೆಲವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೂ ನಾವು ಆ ಕನ್ನಡಕ ತೆಗೆಯಲಿಲ್ಲ.

ಆದರೆ ಆ ಕೆಟ್ಟ ನೆಲದ ಮೇಲೆ ಯಾರ ಬದುಕಿತ್ತು? ಹಾನಗಲ್ಲ ತಾಲೂಕು ಮಲೆನಾಡಿನ ಸೆರಗು. ಅಲ್ಲಿ ಗದ್ದೆಯಿದ್ದವನಿಗೂ ಸೊಪ್ಪು, ಮೇವು ಬೇಕು. ಹಿರೇಕೆರೂರು, ಶಿಗ್ಗಾಂವಿಯ ಕಡೆ ಗುಡ್ಡದಂಚಿನ ಹುಲ್ಲುಗಾವಲು ಕುರಿಗಾರರ ಆಸ್ತಿ. ಸವಣೂರಿನ ಕಡೆ ಎರೆಭೂಮಿ ಹೆಚ್ಚು. ಅಲ್ಲಿ ಗಾಯರಾಣದ ಒಂದೊಂದು ತುಂಡೂ ಆಡು ಸಾಕಿದ ವಿಧವೆಗೆ ಬ್ಯಾಂಕು. ಕುಂಬಾರನಿಗೆ ಮಣ್ಣು ಮತ್ತು ಆವಿಗೆ ಸುಡುವ ಕಸಕಡ್ಡಿ, ಮೇದಾರನಿಗೆ ಬಿದಿರು, ಕಮ್ಮಾರನಿಗೆ ಇದ್ದಿಲು, ಎಲ್ಲರ ಮನೆಯ ಒಲೆಗೆ ಉರುವಲು, ಹಸೂತಿ ಮನೆಗೆ ಕಸಬರಿಗೆ ಹುಲ್ಲು, ನಾಟಿ ವೈದ್ಯನಿಗೆ ಬೇರು. ನಮ್ಮ ಓಣಿಯಲ್ಲಿ ಹೊಲವಿದ್ದವರು ಬೆರಳೆಣಿಕೆಯ ಜನ. ಪಿಂಜಾರರು ಗಾದಿ ಹೊಲಿದರೆ, ಅವರ ಮನೆಯ ಹೆಂಗಸರು ಗುಡ್ಡಕ್ಕೆ ಹೋಗಿ ಕಟ್ಟಿಗೆ ತರುತ್ತಿದ್ದರು. ಸಂಜೆ ಹೊತ್ತು ತಲೆಯ ಮೇಲೆ ಹೊರೆ ಹೊತ್ತು ಸಾಲಾಗಿ ಬರುತ್ತಿದ್ದ ಆ ಹೆಂಗಸರಲ್ಲಿ ಯಾರು ಲಿಂಗಾಯತರು, ಯಾರು ಕುರುಬರು, ಯಾರು ಮುಸಲ್ಮಾನರು ಎಂದು ದೂರದಿಂದ ಹೇಳಲಾಗುತ್ತಿರಲಿಲ್ಲ. ಕಾಗದದಲ್ಲಿ ಖರಾಬಾದ ನೆಲ, ಕಾಗದ ಇಲ್ಲದವರಿಗೆಲ್ಲ ಆಸರೆಯಾಗಿತ್ತು.

ಆ ನೆಲದಲ್ಲಿ ನೀಲಗಿರಿ ನಿಂತರೆ ಏನಾಗುತ್ತದೆ? ನೀಲಗಿರಿಯನ್ನು ದನ ತಿನ್ನುವುದಿಲ್ಲ. ಅದರ ಎಲೆ ಗೊಬ್ಬರವಾಗಿ ಬೇಗ ಕೊಳೆಯುವುದಿಲ್ಲ. ಹಣ್ಣಿಲ್ಲ. ದಟ್ಟವಾಗಿ ನೆಟ್ಟಲ್ಲಿ ಕೆಳಗೆ ಹುಲ್ಲು ಕಡಿಮೆ. ಕಾವಲುಗಾರ ಬಂದರೆ ಒಣ ಕಡ್ಡಿ ಆಯುವುದೂ ಕಳ್ಳತನ. ಮರದ ಗುಣದ ಬಗ್ಗೆ, ಅದು ಕುಡಿಯುವ ನೀರಿನ ಬಗ್ಗೆ ವಿಜ್ಞಾನಿಗಳು ಇಂದಿಗೂ ವಾದಿಸುತ್ತಾರೆ. ಆದರೆ ಹಳ್ಳಿಯವರ ವಾದ ಮರದ ಮೇಲೆ ಇರಲಿಲ್ಲ, ಬೇಲಿಯ ಮೇಲೆ ಇತ್ತು. ಅದಕ್ಕೂ ಮೊದಲು 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಊರಿದ್ದರು. ಕುಸನೂರಿಗೆ ದಾರಿ ಗೊತ್ತಿತ್ತು.

ಆದರೂ ಜನ ಮೊದಲು ಹೋದದ್ದು ನ್ಯಾಯಾಲಯಕ್ಕೆ. ಅರ್ಜಿ, ಮನವಿ, ಸಭೆಗಳಾದವು. 1986ರ ಕೊನೆಯಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಎದ್ದು ಕಾಣುವ ಹೆಸರು ಶಿವರಾಮ ಕಾರಂತರದು. ಆಗ ಅವರಿಗೆ 84 ವರ್ಷ. ಜ್ಞಾನಪೀಠ ಬಂದು ಒಂಬತ್ತು ವರ್ಷ ಕಳೆದಿದ್ದವು. ಮನೆಯಲ್ಲಿ ಕೂತು ಸನ್ಮಾನ ಸ್ವೀಕರಿಸುವ ವಯಸ್ಸಿನಲ್ಲಿ ಕಡಲ ತೀರದ ಆ ಮುದುಕ ಧಾರವಾಡ ಜಿಲ್ಲೆಯ ಗಾಯರಾಣಕ್ಕಾಗಿ ದಿಲ್ಲಿಯ ಬಾಗಿಲು ಬಡಿದರು. ಲೇಖಕರೆನ್ನಿಸಿಕೊಂಡ ನಮ್ಮಂಥವರಿಗೆ ಇದು ನೆನಪಿರಬೇಕು. 1987ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಇನ್ನಷ್ಟು ಭೂಮಿಯನ್ನು ಕಂಪನಿಗೆ ಹಸ್ತಾಂತರಿಸಬಾರದೆಂದು ಅದರ ಸಾರ.

ತಡೆಯಾಜ್ಞೆ ಮುಂದಿನ ಭೂಮಿಗೆ. ಈಗಾಗಲೇ ನೀಲಗಿರಿ ನಿಂತ ಭೂಮಿಯ ಗತಿ? ಅದಕ್ಕೆ ಉತ್ತರವಾಗಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಬಂತು. ಧಾರವಾಡದ ಆಡುಮಾತಿನಲ್ಲಿ ಹಚ್ಚುವುದು ಎಂದರೆ ನೆಡುವುದು. ಹೋರಾಟದ ಹೆಸರಿನಲ್ಲೇ ಅದರ ತತ್ತ್ವವಿದೆ. ಕೀಳುವುದು ಅರ್ಧ ಕೆಲಸ, ನೆಡುವುದು ಇನ್ನರ್ಧ. 1987ರ ನವೆಂಬರ್ 14ರಂದು, ಕಂಪನಿ ಹುಟ್ಟಿ ಸರಿಯಾಗಿ ಮೂರು ವರ್ಷಕ್ಕೆ, ಸುಮಾರು 2000 ಜನ ಕುಸನೂರಿನಲ್ಲಿ ಸೇರಿದರು. ಹೆಚ್ಚಿನವರು ಸುತ್ತಲಿನ ಹಳ್ಳಿಗಳ ರೈತರು, ಕೂಲಿಕಾರರು. ಅವರು ಮೆರವಣಿಗೆಯಲ್ಲಿ ನೆಡುತೋಪಿಗೆ ಹೋಗಿ ಸಾಂಕೇತಿಕವಾಗಿ ನೂರು ನೀಲಗಿರಿ ಗಿಡಗಳನ್ನು ಕಿತ್ತರು. ಆ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಬರುವ ನಾಡಸಸಿಗಳನ್ನು ಹಚ್ಚಿದರು. ಕಲ್ಲು ಬೀಳಲಿಲ್ಲ, ಬೆಂಕಿ ಹತ್ತಲಿಲ್ಲ.

ಅಂದು ಶನಿವಾರ. ನಾವು ಉರ್ದು ಶಾಲೆಯ ಸಣ್ಣ ಇಯತ್ತೆಯ ಹುಡುಗರು. ಬೆಳಗಿನ ಶಾಲೆ, ಮೇಲೆ ಚಾಚಾ ನೆಹರೂ ಜನ್ಮದಿನ. ಕೈಗೊಂದು ಪೆಪ್ಪರ್‌ಮಿಂಟು ಕೊಟ್ಟು ಮನೆಗೆ ಬಿಟ್ಟಿದ್ದರು. ದೊಡ್ಡವರು ಕುಸನೂರಿನ ಸುದ್ದಿ ಆಡುತ್ತಿದ್ದುದು ಮಸುಕಾಗಿ ನೆನಪಿದೆ. ಗಿಡ ಕಿತ್ತರೆ ಮಾಸ್ತರು ಹೊಡೆಯುತ್ತಾರೆ, ಇವರೇಕೆ ಗಿಡ ಕೀಳಲು ಹೋದರು ಎಂದು ನಾವು ಕೇಳಿದ್ದೆವಂತೆ. ಅದಕ್ಕೆ ನಮ್ಮ ದಾದಿ ಹೇಳಿದ್ದು ಮನೆಯಲ್ಲಿ ಬಹಳ ದಿನ ಉಳಿದ ಮಾತು: "ಗಿಡ ಯಾರದಾದರೇನು ಬೇಟಾ, ಜಾಗಾ ಯಾರದು ಅಂತ ಕೇಳಾಕ ಹೋಗ್ಯಾರ."

ಇದೇ ಹೊತ್ತಿನಲ್ಲಿ ಕೇರಳದ ಮಾವೂರಿನಲ್ಲಿ ಏನಾಯಿತೆಂದು ನೋಡುವುದು ಒಳ್ಳೆಯದು. ಏಕೆಂದರೆ ಅದು ಅದೇ ಕಂಪನಿಯ ಅಣ್ಣನ ಮನೆ. ಅಲ್ಲಿಯೂ ನದಿ ಕೆಟ್ಟಿತು. ವಾಳಕ್ಕಾಡ್ ಪಂಚಾಯತಿಯ ಅಧ್ಯಕ್ಷರಾಗಿದ್ದ ಕೆ.ಎ. ರಹಮಾನ್ ಚಾಲಿಯಾರ್ ನದಿಗಾಗಿ ದಶಕಗಳ ಕಾಲ ಹೋರಾಡಿದರು. 1985ರಿಂದ 1988ರವರೆಗೆ ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಒಲೆ ಹತ್ತಲಿಲ್ಲ, ಆತ್ಮಹತ್ಯೆಗಳೂ ಆದವು. ನದಿ ಬೇಕೆನ್ನುವವರು ಒಂದು ಕಡೆ, ಅನ್ನ ಬೇಕೆನ್ನುವವರು ಇನ್ನೊಂದು ಕಡೆ. ಇಬ್ಬರೂ ಬಡವರು, ಇಬ್ಬರ ಮಾತೂ ನಿಜ. ರಹಮಾನ್ 1999ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ ಮಾವೂರಿನ ಉತ್ಪಾದನೆ ನಿಲ್ಲತೊಡಗಿ 2001ರ ಹೊತ್ತಿಗೆ ಕಾರ್ಖಾನೆ ಶಾಶ್ವತವಾಗಿ ಮುಚ್ಚಿತು. ಬಡವನನ್ನು ಬಡವನ ಎದುರಿಗೆ ನಿಲ್ಲಿಸುವ ಸ್ಥಿತಿ ಬಂದಾಗ, ಆ ಸ್ಥಿತಿಯನ್ನು ಹುಟ್ಟಿಸಿದವರು ಚಿತ್ರದಿಂದ ಮರೆಯಾಗಿಬಿಡುತ್ತಾರೆ. ಕುಸನೂರಿನ ಹಿರಿಮೆ ಇಲ್ಲಿದೆ. ಅಲ್ಲಿಯ ಜನ ಕಾರ್ಖಾನೆ ಮುಚ್ಚಿರೆಂದು ಕೇಳಲಿಲ್ಲ. ನಿಮ್ಮ ಮರವನ್ನು ನಮ್ಮ ಗಾಯರಾಣದಲ್ಲಿ ಬೆಳೆಯಬೇಡಿರೆಂದು ಕೇಳಿದರು. ಕೇಳಿಕೆ ಸಣ್ಣದಾಗಿತ್ತು, ಸ್ಪಷ್ಟವಾಗಿತ್ತು. ಅದಕ್ಕೇ ಗೆದ್ದಿತು.

ಗೆಲುವು ಹೀಗೆ ಬಂತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳಿಗೆ ರಿಯಾಯತಿ ದರದಲ್ಲಿ ಕಾಡಿನ ಮಾಲು ಕೊಡುವ ಕಾಲ ಮುಗಿಯಬೇಕು, ಅವು ತಮಗೆ ಬೇಕಾದ ಮರವನ್ನು ಬೆಳೆಯಬಲ್ಲ ಜನರ ಜೊತೆ ನೇರ ಸಂಬಂಧ ಇಟ್ಟುಕೊಂಡು ಪಡೆಯಬೇಕು ಎಂದಿತು. ದೇಶದ ಅನೇಕ ಹೋರಾಟಗಳ ಒತ್ತಡದಿಂದ ಬಂದ ನೀತಿ ಅದು. 1991ರಲ್ಲಿ ಸರಕಾರ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ಡನ್ನು ಮುಚ್ಚಲು ತೀರ್ಮಾನಿಸಿತು. ಕಂಪನಿ ಹುಟ್ಟಿ ಏಳು ವರ್ಷ ತುಂಬುವುದರೊಳಗೆ ಅದರ ಆಯುಷ್ಯ ಮುಗಿಯಿತು. ದೇಶ ಉದಾರೀಕರಣಕ್ಕೆ ಬಾಗಿಲು ತೆರೆದ ಅದೇ ವರ್ಷ, ಒಂದು ಹಳ್ಳಿ ತನ್ನ ಗಾಯರಾಣದ ಬಾಗಿಲನ್ನು ಕಂಪನಿಗೆ ಮುಚ್ಚಿತ್ತು. ಮುಂದೆ ಬಳ್ಳಾರಿಯ ಗಣಿಗಳ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದೂ ಇದೇ ಸಮಾಜ ಪರಿವರ್ತನ ಸಮುದಾಯ. 2017ರಲ್ಲಿ ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿ ಆದೇಶ ಹೊರಡಿಸಿತು. ಕುಸನೂರಿನವರು ಇದನ್ನು ಮೂವತ್ತು ವರ್ಷ ಮೊದಲೇ ಹೇಳಿದ್ದರು.

ಈಗ ಅಂಗಡಿಯ ಚೀಟಿಗೆ ಮರಳೋಣ. ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಮಾರುಕಟ್ಟೆಯ ಭಾಷೆ ಬದಲಾಗಿದೆ. 1993ರಲ್ಲಿ ಅರಣ್ಯ ಉಸ್ತುವಾರಿ ಮಂಡಳಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿ ಮರಕ್ಕೆ ಪ್ರಮಾಣಪತ್ರ ಕೊಡತೊಡಗಿತು. 2013ರಲ್ಲಿ ಕೆನಡಾದ ಕ್ಯಾನೊಪಿ ಎಂಬ ಸಂಸ್ಥೆ, ಹಳೆಯ ಕಾಡುಗಳನ್ನು ಕಡಿದು ಮಾಡಿದ ವಿಸ್ಕೋಸನ್ನು ಕೊಳ್ಳಬೇಡಿರೆಂದು ಯುರೋಪು, ಅಮೆರಿಕದ ದೊಡ್ಡ ಬಟ್ಟೆ ಕಂಪನಿಗಳ ಮೇಲೆ ಒತ್ತಡ ತಂದಿತು. ಎಚ್ ಅಂಡ್ ಎಂ, ಝಾರಾದಂಥ ಹೆಸರುಗಳು ಒಪ್ಪಿದವು. ಕೊಳ್ಳುವವರು ಒಪ್ಪಿದ ಮೇಲೆ ಮಾರುವವರು ಒಪ್ಪಲೇಬೇಕು. ಜಗತ್ತಿನ ದೊಡ್ಡ ವಿಸ್ಕೋಸ್ ತಯಾರಕರಲ್ಲಿ ಒಂದಾದ ಆದಿತ್ಯ ಬಿರ್ಲಾ ಸಮೂಹ 2015ರಲ್ಲಿ, ಅಳಿವಿನಂಚಿನ ಪ್ರಾಚೀನ ಕಾಡುಗಳ ಮರ ಬಳಸುವುದಿಲ್ಲ ಎಂಬ ನೀತಿಯನ್ನು ಪ್ರಕಟಿಸಿತು. ಇದು ಒಳ್ಳೆಯ ಬದಲಾವಣೆ, ಸಂಶಯವಿಲ್ಲ. ಜಗತ್ತಿನ ಮಾರುಕಟ್ಟೆಯಲ್ಲಿ ಈಗ ಜವಾಬ್ದಾರಿಯೂ ಮಾಲಿನ ಒಂದು ಗುಣ. ಬಣ್ಣ, ಅಳತೆ, ಬೆಲೆಯಂತೆ ಅದನ್ನೂ ಚೀಟಿಯಲ್ಲಿ ಬರೆಯಬೇಕು. ಮ್ಯಾನೇಜ್‌ಮೆಂಟ್ ಪುಸ್ತಕಗಳು ಇದನ್ನು ದೂರದೃಷ್ಟಿಯ ನಾಯಕತ್ವ ಎನ್ನುತ್ತವೆ.

ಆದರೆ ಈ ಪ್ರಶ್ನೆಯನ್ನು ಮೊದಲು ಕೇಳಿದವರು ಯಾರು? ಮರ ಎಲ್ಲಿಂದ ಬಂತು, ಅದಕ್ಕಾಗಿ ಯಾರ ಬದುಕು ಹೋಯಿತು ಎಂಬ ಪ್ರಶ್ನೆಯನ್ನು ಸ್ಟಾಕ್‌ಹೋಮಿನ ಗಿರಾಕಿ ಕೇಳುವ ಮೊದಲೇ ಕುಸನೂರು ಕೇಳಿತ್ತು. ನಾಯಕತ್ವ ಎಂಬುದು ಹವಾನಿಯಂತ್ರಿತ ಕೋಣೆಯಲ್ಲಿ ಹುಟ್ಟಿ ಕೆಳಗೆ ಇಳಿದು ಬರುವ ವಸ್ತುವಲ್ಲ. ಹಲವು ಸಲ ಅದು ಹೊರೆ ಹೊತ್ತವರ ನಡುವೆ ಹುಟ್ಟಿ, ಕೋರ್ಟು, ಕಾನೂನು, ಮಾರುಕಟ್ಟೆಗಳನ್ನು ಹತ್ತಿ, ಬಹಳ ವರ್ಷಗಳ ಮೇಲೆ ಕೋಣೆಯನ್ನು ತಲುಪುತ್ತದೆ. ಅಲ್ಲಿ ತಲುಪಿದ ಮೇಲೆ ಅದರ ಹುಟ್ಟೂರು ಯಾರಿಗೂ ನೆನಪಿರುವುದಿಲ್ಲ.

ಇನ್ನೂ ಒಂದು ಮಾತು. ಇಂಥ ಚೀಟಿಗಳಲ್ಲಿ ಮರದ ಲೆಕ್ಕ ಹೆಚ್ಚು, ಮಣ್ಣಿನ ಲೆಕ್ಕ ಕಡಿಮೆ. ಪ್ರಾಚೀನ ಕಾಡು ಉಪಗ್ರಹಕ್ಕೆ ಕಾಣುತ್ತದೆ. ಆಡು ಮೇಯುವ ಗಾಯರಾಣ ಆಕಾಶದಿಂದ ನೋಡಿದರೆ ಇಂದಿಗೂ ಬರಡು, ಖರಾಬು. ಕುಸನೂರಿನ ನೆಲ ಅಮೆಜಾನಿನ ಕಾಡಾಗಿರಲಿಲ್ಲ. ಹಾಗಾಗಿ 'ಪ್ರಾಚೀನ ಕಾಡಿನ ಮರವಲ್ಲ' ಎಂಬ ಪ್ರಮಾಣವನ್ನು ಕುಸನೂರಿನ ನೀಲಗಿರಿಯ ಮೇಲೂ ಹಚ್ಚಬಹುದಿತ್ತು! ಯಾವ ಮರ ಎಂಬ ಪ್ರಶ್ನೆಯ ಜೊತೆಗೆ ಯಾರ ನೆಲ ಎಂಬ ಪ್ರಶ್ನೆಯೂ ಇರದಿದ್ದರೆ ಹಸಿರೆಲೆಯ ಚಿತ್ರ ಅರ್ಧ ಸತ್ಯ ಮಾತ್ರ.

ನಮ್ಮ ದೇಶದ ಕಾನೂನಿನಲ್ಲೂ ಇಂಥದೊಂದು ಅರ್ಧ ಸತ್ಯವಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಇದರಿಂದ ಹಳ್ಳಿಯ ಶಾಲೆಗೆ ಬೆಂಚು ಬಂದಿವೆ, ಶೌಚಾಲಯಗಳಾಗಿವೆ, ಶುದ್ಧ ನೀರಿನ ಘಟಕಗಳು ನಿಂತಿವೆ. ಬಡವರ ಮಕ್ಕಳು ಓದುವ ಶಾಲೆಗೆ ಬಂದ ಬೆಂಚನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಕಾನೂನಿನ ನಿಯಮಗಳು ಇನ್ನೊಂದು ಮಾತು ಹೇಳುತ್ತವೆ. ಕಂಪನಿ ತನ್ನ ದಿನನಿತ್ಯದ ವ್ಯವಹಾರದ ಭಾಗವಾಗಿ ಮಾಡುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ದಾನದ ಹೆಸರಲ್ಲಿ ವ್ಯಾಪಾರ ಮಾಡಬಾರದೆಂಬ ಒಳ್ಳೆಯ ಉದ್ದೇಶ ಅದಕ್ಕಿದೆ. ಆದರೆ ಅದರ ಪರಿಣಾಮ ನೋಡಿ: ಶೇಕಡಾ 2ನ್ನು ಎಲ್ಲಿ ಖರ್ಚು ಮಾಡಿದಿರಿ ಎಂದು ಈ ಕಲಮು ಕೇಳುತ್ತದೆ. ಉಳಿದ ಶೇಕಡಾ 98ನ್ನು ಹೇಗೆ ಗಳಿಸಿದಿರಿ ಎಂದು ಕೇಳುವುದಿಲ್ಲ. ಅದನ್ನು ಕೇಳಲು ಪರಿಸರ, ಕಾರ್ಮಿಕ, ಭೂಮಿಯ ಕಾನೂನುಗಳಿವೆ ನಿಜ. ಷೇರು ಮಾರುಕಟ್ಟೆಯ ಮೊದಲ ಸಾವಿರ ಕಂಪನಿಗಳು ಜವಾಬ್ದಾರಿಯ ವರದಿ ಕೊಡಬೇಕೆಂದು ಸೆಬಿ 2022-23ರಿಂದ ಕಡ್ಡಾಯವನ್ನೂ ಮಾಡಿತು. ಆದರೆ ಸಾಮಾಜಿಕ ಹೊಣೆ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಉದ್ಘಾಟನೆಯ ಫಲಕ, ರಿಬ್ಬನ್ನು, ಕತ್ತರಿ.

ಉರ್ದುವಿನಲ್ಲಿ ಎರಡು ಶಬ್ದಗಳಿವೆ: ಖೈರಾತ್ ಮತ್ತು ಜಿಮ್ಮೇದಾರಿ. ಎರಡೂ ನಮ್ಮ ಸೀಮೆಯ ಕನ್ನಡದಲ್ಲಿ ಬೆರೆತು ಬಹಳ ಕಾಲವಾಯಿತು. ಖೈರಾತು ಕೊಡುವವನ ಮರ್ಜಿ. ಕೊಟ್ಟರೆ ದೊಡ್ಡವನು, ಕೊಡದಿದ್ದರೆ ಕೇಳುವ ಹಾಗಿಲ್ಲ. ಜಿಮ್ಮೇದಾರಿ ಹಾಗಲ್ಲ. ಅದರಲ್ಲಿ ಇನ್ನೊಬ್ಬನ ಹಕ್ಕಿದೆ. ಇನ್ನೊಬ್ಬನ ಹೊಲದಲ್ಲಿ ದನ ಬಿಟ್ಟು ಮೇಯಿಸಿದವನು ಸಂಜೆ ಅವನ ಮನೆಗೆ ಒಂದು ಚೊಂಬು ಹಾಲು ಕೊಟ್ಟರೆ ಅದು ಖೈರಾತು. ದನವನ್ನು ಅವನ ಹೊಲಕ್ಕೆ ಬಿಡದಿರುವುದು ಜಿಮ್ಮೇದಾರಿ. ಹಾಲು ಬೇಡವೆಂದು ನಾವು ಹೇಳುತ್ತಿಲ್ಲ. ಹಾಲು ಕುಡಿದು ಹೊಲವನ್ನು ಮರೆಯಬಾರದೆಂದು ಹೇಳುತ್ತಿದ್ದೇವೆ.

ಗಾಂಧೀಜಿ ಶ್ರೀಮಂತರಿಗೆ ಟ್ರಸ್ಟೀಶಿಪ್ಪಿನ ಮಾತು ಹೇಳಿದರು. ಸಂಪತ್ತು ನಿಮ್ಮದಲ್ಲ, ಸಮಾಜ ನಿಮ್ಮ ಕೈಯಲ್ಲಿಟ್ಟದ್ದು ಎಂಬುದು ಅದರ ತಿರುಳು. ಉರ್ದುವಿನಲ್ಲಿ ಇದನ್ನು ಅಮಾನತ್ ಎನ್ನುತ್ತೇವೆ. ಅವರು ಕೊನೆಯ ದಿನಗಳನ್ನು ಕಳೆದು 1948ರ ಜನವರಿ 30ರಂದು ಗುಂಡಿಗೆ ಬಲಿಯಾದದ್ದೂ ದಿಲ್ಲಿಯ ಬಿರ್ಲಾ ಭವನದ ಅಂಗಳದಲ್ಲಿ. ನಲವತ್ತು ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ಕುಸನೂರಿನ ಜನ ಗಾಂಧಿಯ ಇನ್ನೊಂದು ಮಾತನ್ನು, ಸತ್ಯಾಗ್ರಹವನ್ನು, ಅದೇ ಮನೆತನದ ಕಾರ್ಖಾನೆಯ ನೀಲಗಿರಿಯ ಎದುರು ಹಿಡಿದು ನಿಂತರು. ಇದರಲ್ಲಿ ಸೇಡಿಲ್ಲ. ಅಮಾನತ್ತನ್ನು ಮರೆತವರಿಗೆ ಅದನ್ನು ನೆನಪು ಮಾಡಿಕೊಡುವ ವಿಧಾನವೇ ಸತ್ಯಾಗ್ರಹ.

ಗಾಯರಾಣಗಳ ಕಥೆ ಮುಗಿದಿಲ್ಲ. 2011ರ ಜನವರಿ 28ರಂದು ಪಂಜಾಬಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗ್ರಾಮದ ಸಾಮೂಹಿಕ ಭೂಮಿಗಳ ಒತ್ತುವರಿ ತೆರವು ಮಾಡಿ ಊರಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆದರೂ ನಮ್ಮ ಕಡೆ ಗಾಯರಾಣ ಎಂದರೆ ಯಾವುದಾದರೂ ಯೋಜನೆಗೆ ಕೊಡಲು ಕಾದಿರುವ ಜಾಗ ಎಂಬ ಭಾವನೆ ಹೋಗಿಲ್ಲ. ನಾಳೆ ಬರುವವರು ನೀಲಗಿರಿ ತರಲಿಕ್ಕಿಲ್ಲ. ಬಿಸಿಲಿನ ವಿದ್ಯುತ್ತೋ ಗಾಳಿಯಂತ್ರವೋ ಇನ್ನೊಂದೋ ತಂದಾರು, ಅದರ ಮೇಲೂ ಹಸಿರೆಲೆಯ ಚಿತ್ರ ಇದ್ದೀತು. ಬರಲಿ. ಆದರೆ ದಾದಿಯ ಪ್ರಶ್ನೆಗೆ ಉತ್ತರ ಕೊಟ್ಟು ಬರಲಿ.

ಅಂದು ಅಂಗಡಿಯಲ್ಲಿ ಆ ಕುರ್ತಾ ಕೊಂಡೆವು. ಮಗಳಿಗೆ ಅದರ ಬಣ್ಣ ಹಿಡಿಸಿತ್ತು, ಈದು ವರ್ಷಕ್ಕೆ ಎರಡು ಸಲ ಮಾತ್ರ ಬರುತ್ತದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳಿಗೆ ಕುಸನೂರಿನ ಕಥೆ ಹೇಳಿದೆವು. ಅವಳು ಬೆಲೆಯ ಚೀಟಿ ಹರಿದು ಎಸೆದಳು. ಎಲೆಯ ಚೀಟಿಯನ್ನು ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ಅದರ ಹಿಂಬದಿ ಖಾಲಿ ಇತ್ತು. ಅಲ್ಲಿ ಪೆನ್ಸಿಲ್ಲಿನಲ್ಲಿ ತಾನೇ ಬರೆದಿದ್ದಾಳೆ: ಕುಸನೂರು, 14-11-1987.